ಜಗಲಿಯಲ್ಲಿ ಕಲಿತ ವಿದ್ಯೆ

ಉಪ್ಪುಂದ
೧೨-೨-೨೦೦೩

ಸರಸಾ, ನನ್ನ ಮುಂಗೋಪದ ಗೆಳತಿಯೇ,

ನಿನ್ನ ಕಾರ್ಡು ಓದಿ ಸಿಟ್ಟು ನೆತ್ತಿಗೇರಿತು. ಮಣಿಪಾಲದ ಕಂಪನಿಯವರು ಗುರುವಾರ ಸಂದರ್ಶನಕ್ಕೆ ಕರೆದಿದ್ದಾರೆ, ನೀನು ಹೋಗುವುದಿಲ್ಲವಂತೆ. ನಮ್ಮ ಬೋರ್ಡೇ ನೆಟ್ಟಗೆ ನಡೆಯಲಿಲ್ಲ, ಅವರ ಮೆಷಿನ್ನಿಗೆ ನಾನೇನು ಪ್ರೋಗ್ರಾಮ್ ಬರೆಯಲಿ ಎಂದಿದ್ದೀ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ತೊಂಬತ್ತೊಂಬತ್ತರಲ್ಲಿ ನೀವು ನಮ್ಮ ನೆರೆಮನೆಯಲ್ಲಿದ್ದಿರಿ. ನಮ್ಮ ಜಗಲಿ ನೆನಪಿದೆಯಾ? ಆಚೆ ಕಡಲು, ಈಚೆ ಅಮ್ಮ ಹರವಿದ ಒಣಮೀನು, ನಡುವೆ ಚಿಪ್ ಕೂರಿಸಿದ ಅಂಗೈಯಗಲದ ಕಂಪ್ಯೂಟರ್ ಬೋರ್ಡ್. ಕಲಿಸಲು ಮೇಷ್ಟ್ರಿಲ್ಲ. ಝೆರಾಕ್ಸ್ ಮಾಡಿಸಿದ ಇಂಗ್ಲಿಷ್ ಪುಸ್ತಕ, ಅದರಲ್ಲೂ ಅರ್ಧ ಪುಟ ಮಸಿ. ಒಂದೇ ಚಿಪ್ ಹಲವು ಕೆಲಸಗಳನ್ನು ಸರದಿಯಲ್ಲಿ ಮಾಡುವಂತೆ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುವ ಹುಚ್ಚು ನಮಗೆ. ನನ್ನ ತಲೆಗೆ ಹತ್ತದಾಗ ನೀನು ಅಮ್ಮನನ್ನು ತೋರಿಸಿದ್ದೆ: ಮೀನು ಹುರಿಯುತ್ತಾ ಬಾಗಿಲಿಗೆ ಬಂದವರನ್ನು ಮಾತಾಡಿಸಿ, ಬಿಟ್ಟಲ್ಲಿಂದಲೇ ಮತ್ತೆ ಸಟ್ಟುಗ ಹಿಡಿಯುವುದು. ಎಂಥ ದಿನಗಳು ಮಾರಾಯ್ತಿ! ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಆದರೆ ಸಂಜೆಯಾದರೆ ಸಾಕು, ಬೋರ್ಡ್ ತಾನಾಗಿ ನಿಂತು ಮೊದಲಿನಿಂದ ಶುರುವಾಗುತ್ತಿತ್ತು. ನೀನು ಬರೆದದ್ದನ್ನೇ ಅಳಿಸಿ ಅಳಿಸಿ ಬರೆದೆ. ಕೊನೆಗೆ "ಇದ್ ನಂಗ್ ಬತ್ತಿಲ್ಲೆ" ಎಂದು ಅತ್ತು, ಬೋರ್ಡನ್ನು ನನ್ನ ಮಡಿಲಿಗೆ ಹಾಕಿ ಮನೆಯವರೊಂದಿಗೆ ಬ್ರಹ್ಮಾವರಕ್ಕೆ ಹೋದೆ.

ಮೊನ್ನೆ ಕೊಲ್ಲೂರಿಗೆ ಹೋದಾಗ ಅದನ್ನು ಚಿಕ್ಕಮ್ಮನ ಮಗ ರತನ್‌ಗೆ ತೋರಿಸಿದೆ. ಅವನದು ಅಲ್ಲಿ ರೇಡಿಯೋ ರಿಪೇರಿ ಅಂಗಡಿ. ಚಿಪ್ ಕಿತ್ತವನೇ ಬಿದ್ದು ಬಿದ್ದು ನಕ್ಕ. "ಹ್ವಾಯ್ ಅಕ್ಕ, ಇದನ್ ಎಂತಕ್ ಉಪ್ಪ್ ಹಾಕಿ ಒಣ್ಸಿದ್ದ್?" ಎಂದ. ಚಿಪ್ಪಿನ ಕಾಲುಗಳಿಗೆಲ್ಲ ಬಿಳಿ ಉಪ್ಪು! ಸಂಜೆಯ ಕಡಲ ಗಾಳಿಗೆ ಅದು ನೀರೊಡೆದು, ಕರೆಂಟು ಅಡ್ಡದಾರಿ ಹಿಡಿಯುತ್ತಿತ್ತು. ಉಪ್ಪುಗಾಳಿಗೆ ಹೆದರಿ ಕಿಟಕಿ ಸರಳಿಗೂ ಎಣ್ಣೆ ಹಚ್ಚುವವರು ನಾವು, ಬೋರ್ಡನ್ನು ಮಾತ್ರ ಒಣಮೀನಿನ ಪಕ್ಕ ಇಟ್ಟಿದ್ದೆವು. ರತನ್ ಸ್ಪಿರಿಟ್ಟಿನಲ್ಲಿ ಒರೆಸಿದ, ಅಷ್ಟೇ. ನೀನು ಬರೆದ ಒಂದಕ್ಷರವನ್ನೂ ಮುಟ್ಟಲಿಲ್ಲ. ಮನೆಗೆ ತಂದು ಒಳಕೋಣೆಯಲ್ಲಿ ಇಟ್ಟಿದ್ದೇನೆ. ಅಂದಿನಿಂದ ಒಮ್ಮೆಯೂ ನಿಂತಿಲ್ಲ.

ನಿನಗೆ ಬರುತ್ತಿತ್ತು ಸರಸಾ. ಅಳುವಾಗಲೂ ಬರುತ್ತಿತ್ತು. ಸುಮ್ಮನೆ ಸಂದರ್ಶನಕ್ಕೆ ಹೋಗು.

ನಿನ್ನ
ಜಲಜ

ಇನ್ನೊಂದು ಮಾತು: ನಿನ್ನೆ ಬರೆದ ಇದನ್ನು ಅಂಚೆಗೆ ಹಾಕಲಿಲ್ಲ. ಎದುರು ನಿಂತು ಹೇಳಿದರೆ ನೀನು ಅಡ್ಡ ಮಾತಾಡುತ್ತೀ ಎಂದು ನಿನ್ನ ಅಮ್ಮನ ಕೈಯಲ್ಲಿ ಒಳಗೆ ಕಳಿಸಿದ್ದೇನೆ. ಇವತ್ತೇ ಗುರುವಾರ, ನಾನು ನಿಮ್ಮ ಅಂಗಳದಲ್ಲಿದ್ದೇನೆ. ಬೇಗ ಸೀರೆ ಉಟ್ಟು ಬಾ, ಬಸ್ಸಿಗೆ ಹೊತ್ತಾಯಿತು.