ಅಜ್ಜಿಯ ‘ಓಗಲ್ಲ’

ಕ್ಯಾಸಂಬಳ್ಳಿ

ದೂರಶಿಕ್ಷಣ ಪೋರ್ಟಲ್‌ನ ಕನ್ನಡ ಮೌಲ್ಯಮಾಪಕರಿಗೆ ನಮಸ್ಕಾರ.

ಸರ್ಕಾರಿ ಕಾಲೇಜುಗಳೆಲ್ಲ ಸೇರಿ ಒಂದೇ ಪೋರ್ಟಲ್ ನಡೆಸುವುದರಿಂದ ನೀವು ಯಾವ ಊರಿನ ಮೇಷ್ಟ್ರೋ ನನಗೆ ತಿಳಿಯದು. ಹಿರಿಯರೊಬ್ಬರ ಅನುಭವವನ್ನು ಧ್ವನಿಮುದ್ರಿಸಿ ಕಳಿಸಲು ಹೇಳಿದ್ದಿರಿ. ನಮ್ಮಜ್ಜಿ ನರಸಮ್ಮನವರ ಮಾತು ಕಳಿಸಿದೆ. ‘ಉಚ್ಚಾರಣೆ ತಪ್ಪು, ತಿದ್ದದಿದ್ದರೆ ಅನುತ್ತೀರ್ಣ’ ಎಂದು ವಾಪಸು ಬಂದಿದೆ.

ಬಂಗಾರಪೇಟೆ ಹತ್ತಿರದ ಇಟ್ಟಿಗೆ ಗೂಡಿನಲ್ಲಿ ಕೂಲಿ ಹೆಂಗಸರಿಗೆ ಕುಡಿಯುವ ನೀರು ಕೊಡದಿದ್ದಾಗ, ಅಜ್ಜಿ ಮಾಲೀಕನ ಬಾಗಿಲಲ್ಲಿ ಕೂತು ಹೇಳಿದ್ದರು: “ನೀರು ಬರೋಗಂಟ ನಾವು ಓಗಲ್ಲ ಕಣಪ್ಪಾ.” ನೀರು ಬಂತು. ಆ ಮಾತನ್ನು ನಾನೀಗ ‘ಹೋಗುವುದಿಲ್ಲ’ ಎಂದು ತಿದ್ದಬೇಕು!

ನಿಮ್ಮ ಷರಾ ಓದಿ ಹೇಳಿದೆ. ಅಜ್ಜಿ ನಕ್ಕುಬಿಟ್ಟರು. “ಏನಮ್ಮಿ, ಆ ಮಾಲೀಕಂಗೇ ತಿಳೀತು, ನಿಮ್ ಮೇಷ್ಟ್ರಿಗೆ ತಿಳೀಲಿಲ್ವಾ?”

ದುಡಿದವರ ಬಾಯಿಯ ಕನ್ನಡ ಯಾರಿಗೂ ಅರ್ಜಿ ಹಾಕಿ ಶುದ್ಧವಾಗಬೇಕಿಲ್ಲ. ಅದೇ ಧ್ವನಿಯನ್ನು ಮತ್ತೆ ಹಾಕಿದ್ದೇನೆ, ಒಂದಕ್ಷರವೂ ತಿದ್ದಿಲ್ಲ. ನಮ್ಮ ಮನೆಯ ಮೊದಲ ಪದವಿ ನನ್ನದಾಗಬೇಕಿತ್ತು. ಅದು ಕೈತಪ್ಪಿದರೆ ತಪ್ಪಲಿ. ‘ಅನುತ್ತೀರ್ಣ’ ಎಂದು ನನ್ನ ಹೆಸರಿನ ಮುಂದೆ ಧಾರಾಳವಾಗಿ ಬರೆಯಿರಿ. ಅಜ್ಜಿಯ ಹೆಸರಿನ ಮುಂದೆ ಬರೆದಿರುವ ‘ತಪ್ಪು’ ಎಂಬುದನ್ನು ಮಾತ್ರ ದಯವಿಟ್ಟು ಅಳಿಸಿ.

ಗೌರವದೊಂದಿಗೆ, ಒಪ್ಪಿಗೆಯಿಲ್ಲದೆ,
ಎನ್. ಸುಮಿತಾ
ಬಿ.ಎ. ವಿದ್ಯಾರ್ಥಿನಿ