ನನ್ನ ಮೇಸ್ತ್ರಿ ತಮ್ಮ ಬಂಗಲೆಯಲ್ಲಿದ್ದಾನೆ

ಮಾನ್ಯ ಅಮಲ್ದಾರರೇ,

ನನ್ನ ಮನೆಯನ್ನು ಗೋಡೆಯ ಮಟ್ಟಕ್ಕೆ ನಿಲ್ಲಿಸಿ ಬಿಟ್ಟುಹೋದ ಗುತ್ತಿಗೆಯ ಮೇಸ್ತ್ರಿ ಸಣ್ಣಬೀರಪ್ಪ ಇಪ್ಪತ್ತಮೂರು ದಿನಗಳಿಂದ ತಮ್ಮ ಸರ್ಕಾರಿ ಬಂಗಲೆಗೆ ಸುಣ್ಣ ಹೊಡೆಯುತ್ತಿದ್ದಾನೆ. ಡೆಪ್ಯುಟಿ ಕಮಿಷನರ್ ಸಾಹೇಬರು ಕಂದಾಯದ ಲೆಕ್ಕ ನೋಡಲು ಜಮಾಬಂದಿಗೆ ಬರುತ್ತಾರಂತೆ. ಬರಲಿ, ಸಂತೋಷ. ಆದರೆ ನನ್ನ ಮಗಳೂ ಬರಬೇಕಾಗಿದೆ. ಶಾರದಾಂಬೆಗೆ ಏಳು ತಿಂಗಳು ತುಂಬಿತು. ಚೊಚ್ಚಲ ಹೆರಿಗೆಗೆ ಅಜ್ಜಂಪುರದ ಅತ್ತೆಮನೆಯಿಂದ ವೈಶಾಖ ಕಳೆಯುವುದರೊಳಗೆ ಕರೆತರುತ್ತೇನೆಂದು ಬೀಗರಿಗೆ ಮಾತು ಕೊಟ್ಟಿದ್ದೇನೆ. ನಾವು ಬಾಡಿಗೆಗಿರುವುದು ಒಂದೇ ಕೋಣೆಯಲ್ಲಿ, ಒಲೆಯೂ ಅಲ್ಲೇ. ಹೊಸ ಮನೆಗೆ ಗೋಡೆಗಳಿವೆ, ಸೂರಿಲ್ಲ. ಅವೂ ಹಸಿ ಇಟ್ಟಿಗೆಯ ಗೋಡೆಗಳು. ಮೊನ್ನೆ ಸಂಜೆ ಚೌಳಹಿರಿಯೂರಿನ ದಿಕ್ಕಿನಲ್ಲಿ ಗುಡುಗಿತು. ಅಂದಿನಿಂದ ಶಾಲೆಯಲ್ಲಿ ಹುಡುಗಿಯರಿಗೆ ಪಾಠ ಹೇಳುವಾಗಲೂ ನನ್ನ ಕಣ್ಣು ಕಿಟಕಿಯಾಚೆಗೇ ಹೋಗುತ್ತದೆ.

ಮೇಸ್ತ್ರಿಯನ್ನು ಬಂಗಲೆಗೇ ಹೋಗಿ ಕಂಡೆ. ಏಣಿಯ ಮೇಲಿಂದಲೇ ಕೈಮುಗಿದ. “ನಾನೇನ್ ಓಡೋಗಿದ್ದೀನಾ ಅಮ್ಮಾವ್ರೇ? ಅಮಲ್ದಾರ್ರು ಹೇಳ್ಕಳಿಸಿದ್ರೆ ಬರಾಕಿಲ್ಲ ಅನ್ನಕಾಯ್ತದಾ? ಜಮಾಬಂದಿ ಮುಗೀಲಿ, ಮಾರ್ನೇ ದಿನ ಬತ್ತೀನಿ.” ಜಮಾಬಂದಿಯ ತಾರೀಖು ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿದೆ. ಮುಂಗಾರಿಗೂ ಹಾಗೆಯೇ ಮುಂದಕ್ಕೆ ಹೋಗುವಂತೆ ತಮ್ಮ ಕಚೇರಿಯಿಂದ ಒಂದು ಹುಕುಂ ಹೊರಡಿಸಬಹುದೇ?

ತಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ತಲೆಯೆತ್ತದೆ, “ಯಜಮಾನ್ರನ್ನ ಕಳ್ಸೀಮ್ಮಾ” ಎಂದರು. ಯಜಮಾನರು ರೈಲ್ವೆಯಲ್ಲಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ, ನಿವೇಶನ ನನ್ನ ಹೆಸರಿನಲ್ಲಿದೆ ಎಂದೆ. “ಹಾಗಾದ್ರೆ ಇದು ಸಿವಿಲ್ ವ್ಯಾಜ್ಯ, ಮುನ್ಸೀಫ್ ಕೋರ್ಟಿಗೆ ಹೋಗಿ” ಎಂದು ಅಷ್ಟೇ ಬೇಗ ದಾರಿ ತೋರಿಸಿದರು. ಠಾಣೆಯಲ್ಲಿ ದಫೇದಾರರು ನಕ್ಕರು: “ಆಸಾಮಿ ಕಣ್ಣೆದುರಿಗೇ ಏಣಿ ಮೇಲವ್ನೆ. ಇದ್ಯಾವ ಮೋಸ ಕಣಮ್ಮ?”

ತರೀಕೆರೆಯ ವಕೀಲರಾದ ಓಂಕಾರಮೂರ್ತಿಯವರು ನಗಲಿಲ್ಲ. ಒಂದು ಗಂಟೆ ಕೂತು ವಿವರಿಸಿದರು. ಮೊದಲು ನೋಟೀಸು ಕೊಡಬಹುದು. ಕರಾರು ಮುರಿದದ್ದಕ್ಕೆ ದಾವೆ ಹೂಡಬಹುದು, ಅದಕ್ಕೆ ಮೂರು ವರ್ಷದ ಅವಧಿಯಿದೆ. ಮೊದಲಿನಿಂದಲೂ ಮೋಸದ ಉದ್ದೇಶವಿತ್ತೆಂದು ತೋರಿಸಿದರೆ ಮಾತ್ರ ಕ್ರಿಮಿನಲ್. ಆದರೆ ಕರಣೆ ಹಿಡಿದು ಮನೆ ಕಟ್ಟೆಂದು ಕೋರ್ಟು ಯಾರನ್ನೂ ಬಲವಂತ ಮಾಡುವುದಿಲ್ಲ, ನಷ್ಟಪರಿಹಾರವನ್ನಷ್ಟೇ ಕೊಡಿಸುತ್ತದೆ. ಆದ್ದರಿಂದ ಬೇರೊಬ್ಬ ಮೇಸ್ತ್ರಿಯಿಂದ ಕೆಲಸ ಮುಗಿಸಿಕೊಂಡು, ಹೆಚ್ಚಾದ ಖರ್ಚನ್ನು ಮೊದಲನೆಯವನ ಮೇಲೆ ಹಾಕುವುದೇ ಜಾಣತನ. ಎಷ್ಟು ಸರಳವಾಗಿದೆ! ಹಿಂದಿರುಗುವ ಗಾಡಿಯಲ್ಲಿ ನನಗೆ ಎಷ್ಟೋ ದಿನಗಳಲ್ಲಿ ಮೊದಲ ಸಲ ನಿದ್ದೆ ಬಂತು.

ಮರುದಿನವೇ ಚೌಳಹಿರಿಯೂರಿನ ಬೆನಕಪ್ಪ ಮೇಸ್ತ್ರಿಯನ್ನು ಕರೆಸಿದೆ. ಗೋಡೆ ತಟ್ಟಿ ನೋಡಿದ, ತೂಗುಗುಂಡಿನ ದಾರ ಬಿಟ್ಟು ನೋಡಿದ, ಕೆಲಸ ಚೆನ್ನಾಗಿದೆಯೆಂದ. ಆಮೇಲೆ ಬಾಗಿಲ ಚೌಕಟ್ಟಿನ ಮೇಲೆ ಒಣಗಿದ್ದ ಅರಿಸಿನ ಕುಂಕುಮ ಕಂಡು ಹೊರಗೇ ನಿಂತ. “ಇದ್ನ ನಿಲ್ಸಿದ್ಯಾರು?” ಸಣ್ಣಬೀರಪ್ಪ ಎಂದೆ. “ಹಂಗಾರೆ ಅವ್ನು ನಂಗೆ ತಾಂಬೂಲ ಕೊಟ್ಟು ಬಿಟ್ಕೊಡ್ಬೇಕು ಕಣ್ರಮ್ಮ. ಅವ್ನು ಪೂಜೆ ಮಾಡಿ ನಿಲ್ಸಿದ ಬಾಗ್ಲಾಗೆ ನಾನು ಕರಣೆ ಹಿಡ್ಕಂಡು ನುಗ್ಗುದ್ರೆ, ನಾಳೆ ನಮ್ಮೋರು ನನ್ನ ಮಗನಿಗೆ ಹೆಣ್ಣು ಕೊಡ್ತಾರಾ?” ದೇವನೂರಿನ ಇನ್ನೊಬ್ಬನೂ ಇದನ್ನೇ ಹೇಳಿದ. ಮತ್ತೆ ಬಂಗಲೆಗೆ ಓಡಿದೆ. ಸಣ್ಣಬೀರಪ್ಪನಿಗೆ ಸಿಟ್ಟೇ ಬಂತು: “ತಾಂಬೂಲ ಕೊಡಕ್ಕೆ ನಾನೇನ್ ಸತ್ತೋಗಿದ್ದೀನಾ? ನನ್ನ ಬಾಗ್ಲು ಅದು!”

ಕರಾರಿನಲ್ಲಿ ಬರೆದಿದೆಯಲ್ಲ ಎಂದೆ. ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು, ಯಾಕೆಂದರೆ ತಮ್ಮನ್ನು ಮಾತ್ರ ದೂರುವುದು ನ್ಯಾಯವಲ್ಲ. ಕರಾರನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಛಾಪಾ ಕಾಗದದ ಮೇಲೆ ನನ್ನ ಅಕ್ಷರ ನೋಡಿ ನಾನೇ ಹೆಮ್ಮೆಪಟ್ಟೆ. ಕೆಲಸ ನಿಲ್ಲಿಸಿದರೆ ಇನ್ನೊಬ್ಬನಿಂದ ಮುಗಿಸಿಕೊಳ್ಳುವ ಹಕ್ಕು ನನಗಿದೆ ಎಂಬ ಷರತ್ತೂ ಅದರಲ್ಲಿದೆ. ಹೆಬ್ಬೆಟ್ಟು ಒತ್ತುವ ಮೊದಲು ಅವನು, “ಏನ್ ಬರ್ದೀರಿ ಅಮ್ಮಾವ್ರೇ?” ಎಂದು ಕೇಳಿದ. ಉಳಿದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ, ಆ ಒಂದು ಷರತ್ತನ್ನು ಹೇಳಲಿಲ್ಲ. ಚೌಕಟ್ಟಿಗೆ ಆಗಷ್ಟೇ ಕಾಯಿ ಒಡೆದಿದ್ದ. ನಿನ್ನನ್ನು ತೆಗೆದುಹಾಕಬಹುದು ಎಂದು ಆ ಹೊತ್ತಿನಲ್ಲಿ ಹೇಗೆ ಹೇಳಲಿ ಎನ್ನಿಸಿತು. ಅದು ದಾಕ್ಷಿಣ್ಯವೋ, ಜಾಣತನವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೇಳಿದ್ದರೆ ಅವನು ಅಂದೇ ತಾಂಬೂಲದ ಮಾತೆತ್ತುತ್ತಿದ್ದ, ಅದೂ ಕಾಗದಕ್ಕೆ ಬರುತ್ತಿತ್ತು.

ಆದರೆ ಸ್ವಾಮಿ, ನನ್ನ ತಪ್ಪು ನನ್ನ ಗೋಡೆಯನ್ನು ಬರಿದಾಗಿ ನಿಲ್ಲಿಸಲಿಲ್ಲ. ಕೆಲಸ ನಡೆಯುತ್ತಿತ್ತು, ತೊಲೆಗಳು ಅಂಗಳಕ್ಕೆ ಬಂದಿದ್ದವು, ಆಗ ತಮ್ಮ ಜವಾನ ಬಂದು ಅವನನ್ನು ಕರೆದುಕೊಂಡು ಹೋದ. ಪ್ರಜೆಯೊಬ್ಬಳು ಮಾಡಿಕೊಂಡ ಕರಾರನ್ನು ಜವಾನನ ಒಂದು ಕೂಗು ಮುರಿಯುವುದಾದರೆ, ಛಾಪಾ ಕಾಗದವನ್ನು ಸರ್ಕಾರ ಮಾರುವುದೇಕೆ? ಮೂರು ವರ್ಷದೊಳಗೆ ದಾವೆ ಹೂಡುವ ಹಕ್ಕು ನನಗಿದೆ, ನಿಜ. ನನ್ನ ಮಗಳಿಗಿರುವುದು ಎರಡು ತಿಂಗಳು, ಗೋಡೆಗೆ ಅಷ್ಟೂ ಇಲ್ಲ.

ನಾನು ಕೇಳುವುದು ಇಷ್ಟೇ. ಸಣ್ಣಬೀರಪ್ಪನನ್ನು ಹದಿನೈದು ದಿನ ನನ್ನ ಕೆಲಸಕ್ಕೆ ಬಿಡಿ. ಬಿಡಲಾರಿರಾದರೆ, ಬೆನಕಪ್ಪನಿಗೆ ತಾಂಬೂಲ ಕೊಡಲು ತಾವೇ ಅವನಿಗೆ ಹೇಳಿ. ತಾವು ಕರೆದರೆ ಇಲ್ಲವೆನ್ನದವನು, ತಾವು ಹೇಳಿದರೂ ಇಲ್ಲವೆನ್ನಲಾರ. ಎರಡೂ ಕಚೇರಿಯ ಘನತೆಗೆ ಒಪ್ಪದಿದ್ದರೆ, ಬಂಗಲೆಯಲ್ಲಿ ಒಂದು ಕೋಣೆಯನ್ನು ಬಾಣಂತಿಗೆ ಬಿಟ್ಟುಕೊಡಿ. ಸುಣ್ಣ ಹೊಸದು, ಗಾಳಿ ಬೆಳಕು ಚೆನ್ನಾಗಿದೆ, ನೀರು ಕಾಯಿಸಲು ಹಂಡೆಯನ್ನು ನಾನೇ ತರುತ್ತೇನೆ. ಜಮಾಬಂದಿಗೆ ಬಂದ ಸಾಹೇಬರಿಗೆ ಪಕ್ಕದ ಕೋಣೆಯಿಂದ ಕೂಸಿನ ಅಳು ಕೇಳಿಸಿದರೆ, ಕಾರಣವನ್ನು ತಾವೇ ವಿವರಿಸಬಹುದು.

ಇಂತಿ,
ಬಾಗಿಲಿದ್ದು ಸೂರಿಲ್ಲದ ಮನೆಯ ಒಡತಿ,
ಮೀನಾಕ್ಷಮ್ಮ
ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ