ದೊಡ್ಡ ಬಳೆಗೆ ಈಗ ಕಣ್ಣಿಲ್ಲ

ಗದಗ
ಫೆಬ್ರವರಿ 30, 2311

ನಮಗಿಂತ ಮುಂಚೆ ಬದುಕಿದ ಹಿರಿಯರೇ,

ತಾರೀಖು ನೋಡಿ ಹೌಹಾರಬೇಡಿ. ಫೆಬ್ರವರಿ ಬಡಕಲಾಗಿದೆ ಎಂದು ನಮ್ಮವರು ಅದಕ್ಕೆ ಎರಡು ದಿನ ಉಣ್ಣಿಸಿದ್ದಾರೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೂರನೇ ಇಯತ್ತೆಯಲ್ಲೇ ಶಾಲೆಗೂ ನನಗೂ ಸೋಡಚೀಟಿ ಆಗಿ ಓದು ಬಿಟ್ಟುಹೋಯಿತು.

ನಾನು ಚಂಬಣ್ಣ. ಬಳೆಮನೆಯಲ್ಲಿ ಜನರನ್ನು ದಾಟಿಸುವವನು. ನೀವು ಸಿ.ಟಿ. ಸ್ಕ್ಯಾನ್ ಅನ್ನುತ್ತಿದ್ದ ಯಂತ್ರವೇ ನಮ್ಮ ದೊಡ್ಡ ಬಳೆ. ಅದಕ್ಕೆ ಕರೆಂಟು ನಿಂತದ್ದು ನನ್ನ ಮುತ್ತಜ್ಜನ ಕಾಲಕ್ಕೆ. ಆದರೂ ದಿನಾ ಬೆಳಿಗ್ಗೆ ಧೂಳು ಒರೆಸಿ, ಅರಿಶಿನ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುತ್ತೇವೆ. ಗಂಟಲೋ ಕುತ್ತಿಗೆಯೋ ಊದಿದವರನ್ನು ಹಲಗೆಯ ಮೇಲೆ ಮಲಗಿಸಿ, ಬಳೆಯೊಳಗೆ ತಳ್ಳಿ, ಆ ಕಡೆಯಿಂದ ಇಳಿಸುತ್ತೇನೆ. ತಳ್ಳುವಾಗ ಒಂದು ನಗೆಮಾತು ಹೇಳಬೇಕು, ಅದೂ ಪದ್ಧತಿ. "ಹೊಟ್ಟಿ ಒಳಗ ಎಳಕೋರಿ ಗೌಡ್ರ, ಬಳಿ ಒಡದ್ರ ಚೂರು ನೀವ ಆರಿಸಬೇಕು" ಅಂದರೆ ಸಾಯುವವರೂ ನಗುತ್ತಾರೆ. ಬಳೆ ದಾಟಿದವರು ಬದುಕುತ್ತಿದ್ದರು ಎಂದು ಅಜ್ಜಂದಿರು ಹೇಳಿದ್ದರು. ಹಾಗಾಗಿ ದಾಟಿಸಿ ಮನೆಗೆ ಕಳಿಸುತ್ತೇವೆ.

ನನ್ನ ಹೆಂಡತಿ ದ್ಯಾಮವ್ವನ ದವಡೆ ಹಲ್ಲು ಹುಳುಕಾಗಿ ಗದ್ದದ ಕೆಳಗೆ ಊದಿತು. ದಾಟಿಸಿದೆ. ಬಾವು ಕುತ್ತಿಗೆಗೆ ಇಳಿಯಿತು. ಮತ್ತೆ ದಾಟಿಸಿದೆ. ಈಗ ಬಾಯಿ ತೆರೆಯಲಾರಳು, ಉಗುಳು ನುಂಗಲಾರಳು, ನನ್ನನ್ನು ಬೈಯಲಾರಳು. ಮದುವೆಯಾದಾಗಿನಿಂದ ಮನೆ ಇಷ್ಟು ಸುಮ್ಮನಿದ್ದದ್ದೇ ಇಲ್ಲ.

ನಿನ್ನೆ ದೂರದಿಂದ ಡಾಕ್ಟರ್ ಮಾಬುಬಿ ಬಂದರು. ಊದಿದಲ್ಲಿ ಕೊಯ್ದರು, ಕೀವು ಸಿಗಲಿಲ್ಲ. "ಆಳದಾಗ ಎಲ್ಲೋ ಕುಂತೈತಿ ಚಂಬಣ್ಣ. ಎದಿತನಕ ಇಳದೈತೋ ಏನೋ. ಪಕ್ಕದಾಗ ಮಿದುಳಿಗೆ ಹೋಗೋ ರಕ್ತನಾಳ. ಕಾಣದ ಹೆಂಗ ಕೊಯ್ಲಿ?" ಅಂದರು. ಬಳೆ ಯಾರನ್ನೂ ವಾಸಿ ಮಾಡುತ್ತಿರಲಿಲ್ಲವಂತೆ. ಒಳಗಿನ ಚಿತ್ರ ತೆಗೆದು, ಕೀವು ಎಲ್ಲಿ ಅಡಗಿದೆ, ಉಸಿರಿನ ದಾರಿ ಎಷ್ಟು ಉಳಿದಿದೆ ಎಂದು ಡಾಕ್ಟರಿಗೆ ತೋರಿಸುತ್ತಿತ್ತಂತೆ. ವಾಸಿ ಮಾಡಿದ್ದು ಆಮೇಲಿನ ಚಾಕು ಮತ್ತು ಔಷಧ. ನಮ್ಮ ಔಷಧವನ್ನು ಕ್ರಿಮಿಗಳು ಈಗ ಚಹಾದಂತೆ ಕುಡಿಯುತ್ತವೆ.

ಹೊರಗೆ ಓಣಿಯವರು ಹಾರ ಹಿಡಿದು ನಿಂತಿದ್ದಾರೆ. "ಇನ್ನೊಮ್ಮೆ ದಾಟಸೋ ಚಂಬ್ಯಾ, ಹೆಂಡ್ತಿ ಮ್ಯಾಲ ಕರುಣಾ ಇಲ್ಲೇನು?" ದ್ಯಾಮವ್ವನೂ ಗಾಳಿಯಲ್ಲಿ ಬೆರಳಿಂದ ಬಳೆ ಬರೆದು ತೋರಿಸುತ್ತಾಳೆ. ಮಲಗಿಸಿದರೆ ಉಸಿರು ಅಲ್ಲೇ ಕಟ್ಟುತ್ತದೆ ಎಂದು ಹೇಳಿ ಹೋಗಿದ್ದಾರೆ ಮಾಬುಬಿ. ಬಾಗಿಲಿಗೆ ಅಗಳಿ ಹಾಕಿದ್ದೇನೆ. ಅವಳು ಕುಳಿತೇ ಇರಲೆಂದು ಬೆನ್ನಿಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ.

ನಿಮ್ಮ ಬಳೆಗೆ ಇನ್ನೂ ಕಣ್ಣಿದೆ. ಹಲ್ಲುನೋವಿನ ಹಿಂದೆಯೇ ಕುತ್ತಿಗೆ ಊದಿದರೆ, ಬಾಯಿ ಬಿಗಿದರೆ, ಆ ದಿನವೇ ಹೋಗಿ. ಅದು ಏನು ನೋಡುತ್ತದೆ, ಹೇಗೆ ನೋಡುತ್ತದೆ ಎಂದು ಮಕ್ಕಳಿಗೆ ಕಲಿಸಿ. ನಮಗೆ ಬರೀ ಬಳೆ ಬಿಟ್ಟು ಹೋಗಬೇಡಿ.

ಈಗಷ್ಟೇ ಅವಳಿಗೆ ಗೌಡರ ಹೊಟ್ಟೆಯ ನಗೆಮಾತು ಹೇಳಿದೆ. ಅವಳ ಬೆನ್ನು ಒಮ್ಮೆ ಅಲುಗಿತು. ನಕ್ಕಳೋ, ಉಸಿರಿಗೆ ತಡಕಾಡಿದಳೋ ತಿಳಿಯಲಿಲ್ಲ. ಪೆನ್ನಿನ ಪರಪರ ಸದ್ದಿನಲ್ಲಿ ಅವಳ ಉಸಿರು ಕೇಳಿಸುತ್ತಿಲ್ಲ, ಪೆನ್ನು ಕೆಳಗಿಡುತ್ತೇನೆ.

ಚಂಬಣ್ಣ